ಬಸ್ಸಾರಿಗೆ ಸೊಪ್ಪು, ಕಾಳು, ಮಸಾಲೆ: ಬೀದಿ ಮಾರ್ಕೆಟ್ಟಿನಲ್ಲಿ ಆರಿಸುವುದು ಹೇಗೆ

ಬಸ್ಸಾರು ಮಾಡುವುದು ದೊಡ್ಡ ವಿದ್ಯೆಯೇನಲ್ಲ. ಕಾಳು, ಸೊಪ್ಪು ಬೇಯಿಸಬೇಕು. ನೀರು ಬಸಿಯಬೇಕು. ಆ ನೀರಿಗೆ ಹುರಿದು ರುಬ್ಬಿದ ಮಸಾಲೆ ಹಾಕಿ ಕುದಿಸಿದರೆ ಸಾರು, ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಆದರೂ ಒಂದು ದಿನ ಘಮ್ಮಂತ ಬಂದ ಸಾರು ಇನ್ನೊಂದು ದಿನ ಸಪ್ಪೆ ಆಗುತ್ತದೆ. ಅದೇ ಕೈ, ಅದೇ ಅಳತೆ. ಎಡವಟ್ಟು ಆಗುವುದು ಹೆಚ್ಚಾಗಿ ಮಾರ್ಕೆಟ್ಟಿನಲ್ಲೇ.

ಪಲ್ಯಕ್ಕೆ ಸೊಪ್ಪು ಕೊಳ್ಳುವಾಗ ಎಲೆ ನೋಡುತ್ತೇವೆ. ಬಸ್ಸಾರಿಗೆ ಕೊಳ್ಳುವಾಗ ನೀರನ್ನು ನೆನಪಿಟ್ಟುಕೊಳ್ಳಬೇಕು. ಈ ಸೊಪ್ಪು, ಈ ಕಾಳು ಬೆಂದ ನೀರಿಗೆ ಏನು ಬಿಟ್ಟುಕೊಡುತ್ತದೆ? ಸಿಹಿಯಾ, ಘಮವಾ, ಕಹಿಯಾ, ಲೋಳೆಯಾ? ಈ ಒಂದು ಪ್ರಶ್ನೆ ತಲೆಯಲ್ಲಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಬೆಂಗಳೂರು, ಮೈಸೂರು ಕಡೆಯ ಮಾರ್ಕೆಟ್ಟುಗಳನ್ನು ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಗಾಂಧಿ ಬಜಾರ್, ಮಲ್ಲೇಶ್ವರ, ಮಡಿವಾಳ, ದೇವರಾಜ ಮಾರುಕಟ್ಟೆ, ನಿಮ್ಮ ಬಡಾವಣೆಯ ವಾರದ ಸಂತೆ, ಎಲ್ಲಿಗೆ ಹೋದರೂ ವಿಷಯ ಇದೇ.

ಚೀಟಿ ಬೇಡ, ಅಳತೆ ಸಾಕು

ಮನೆಯಿಂದ ಹೊರಡುವಾಗ "ಪಾಲಕ್ ಎರಡು ಕಟ್ಟು, ಮೆಂತ್ಯ ಒಂದು ಕಟ್ಟು" ಅಂತ ಬರೆದುಕೊಂಡು ಹೋಗಬೇಡಿ. ಅವತ್ತು ಪಾಲಕ್ ಬಾಡಿರಬಹುದು, ಪಕ್ಕದಲ್ಲೇ ದಂಟು ನಳನಳಿಸುತ್ತಿರಬಹುದು. ಚೀಟಿ ಹಿಡಿದು ಹೋದವರು ಬಾಡಿದ ಪಾಲಕ್ಕನ್ನೇ ತರುತ್ತಾರೆ.

ಬದಲಿಗೆ ಅಳತೆ ಗೊತ್ತಿರಲಿ. ನಾಲ್ಕು ಜನಕ್ಕೆ ಮೂರು ಸಾಧಾರಣ ಕಟ್ಟು ಸೊಪ್ಪು ಸಾಕು. ಹಸಿ ಕಾಳಾದರೆ ಎರಡು ಲೋಟ, ಒಣ ಕಾಳು ಅಥವಾ ಬೇಳೆಯಾದರೆ ಒಂದು ಲೋಟ. ಮಸಾಲೆಗೆ ಒಂದು ಈರುಳ್ಳಿ, ಎಂಟು ಹತ್ತು ಎಸಳು ಬೆಳ್ಳುಳ್ಳಿ, ಐದಾರು ಒಣಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಎರಡು ಚಮಚ ಧನಿಯಾ, ಅರ್ಧ ಚಮಚ ಕಾಳುಮೆಣಸು, ಅರ್ಧ ಹೋಳು ತೆಂಗಿನಕಾಯಿ, ಗೋಲಿ ಗಾತ್ರದ ಹುಣಸೆಹಣ್ಣು. ಹೊರಡುವ ಮುಂಚೆ ಡಬ್ಬಿಗಳನ್ನು ಒಮ್ಮೆ ತೆಗೆದು ನೋಡಿ. ಜೀರಿಗೆ, ಧನಿಯಾ ಮನೆಯಲ್ಲೇ ಇರುತ್ತದೆ. ಅದನ್ನೇ ಮತ್ತೆ ಮತ್ತೆ ತಂದು ಡಬ್ಬಿ ತುಂಬಿಸುವುದು ನಮ್ಮೆಲ್ಲರ ಅಭ್ಯಾಸ, ಅಲ್ವಾ?

ಎರಡು ಬಟ್ಟೆ ಚೀಲ ಹಿಡಿದುಕೊಳ್ಳಿ. ಒಂದು ಸೊಪ್ಪಿಗೆ, ಒಂದು ಭಾರದ ಸಾಮಾನಿಗೆ. ಪ್ಲಾಸ್ಟಿಕ್ ಕವರ್ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ ಆಗಿದೆ. ಕೇಳಿದರೆ ಈಗಲೂ ಸಿಗುತ್ತದೆ, ಆ ಮಾತು ಬೇರೆ. ಆದರೆ ಒದ್ದೆ ಸೊಪ್ಪನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಬಿಸಿಲಲ್ಲಿ ನಡೆದರೆ ಮನೆ ಸೇರುವಷ್ಟರಲ್ಲಿ ಬೆವೆತು ಕಪ್ಪಾಗಿರುತ್ತದೆ. ಚಿಲ್ಲರೆಯೂ ಜೊತೆಯಲ್ಲಿರಲಿ. ಈಗ ಸೊಪ್ಪಿನ ಅಜ್ಜಿಯ ಬುಟ್ಟಿಯ ಮೇಲೂ ಸ್ಕ್ಯಾನ್ ಮಾಡುವ ರಟ್ಟು ಇರುತ್ತದೆ ನಿಜ. ನೆಟ್‌ವರ್ಕ್ ಕೈಕೊಟ್ಟರೆ ಹತ್ತು ರೂಪಾಯಿ ನಾಣ್ಯವೇ ಗತಿ.

ಯಾವ ಹೊತ್ತಿಗೆ

ಬೆಂಗಳೂರಿನ ಸೊಪ್ಪು ಮಾಲೂರು, ಹೊಸಕೋಟೆ, ಆನೇಕಲ್, ಮಾಗಡಿ ಸುತ್ತಮುತ್ತಲ ಹೊಲಗಳಿಂದ ಬರುತ್ತದೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಬೆಳಕು ಹರಿಯುವ ಮುಂಚೆಯೇ ಸಗಟು ವ್ಯಾಪಾರ ಜೋರಾಗಿರುತ್ತದೆ. ಅಲ್ಲಿಂದ ಗಾಡಿಗಳಲ್ಲಿ, ಆಟೋಗಳಲ್ಲಿ ನಮ್ಮ ಬೀದಿಗೆ ಬರುವಷ್ಟರಲ್ಲಿ ಆರೂವರೆ ಏಳು. ಏಳರಿಂದ ಎಂಟೂವರೆ ಒಳಗೆ ಹೋದರೆ ಒಳ್ಳೆಯದು. ಹನ್ನೊಂದಾದ ಮೇಲೆ ಬಿಸಿಲು ಎಲೆಯ ನೀರೆಲ್ಲ ಹೀರಿರುತ್ತದೆ. ಮಾರುವವರು ನೀರು ಚಿಮುಕಿಸಿ ಚಿಮುಕಿಸಿ ಎಲೆ ನಿಲ್ಲಿಸುತ್ತಾರೆ. ಮೇಲೆ ಹಸಿರು, ಒಳಗೆ ಕೊಳೆ.

ಸಂಜೆ ಮಾರ್ಕೆಟ್ಟಿಗೆ ಹೋಗಬಾರದು ಅಂತೇನಿಲ್ಲ. ಉಳಿದ ಕಟ್ಟುಗಳನ್ನು ಅರ್ಧ ಬೆಲೆಗೆ ಕೊಡುತ್ತಾರೆ. ಅವತ್ತು ರಾತ್ರಿಯೇ ಮಾಡುವುದಾದರೆ ದಂಟು, ಕೀರೆ ತರಬಹುದು. ಸಬ್ಬಸಿಗೆ, ಮೆಂತ್ಯ ಮಾತ್ರ ಸಂಜೆ ಬೇಡ. ಅವುಗಳ ಘಮ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಹಿಂದಿನ ರಾತ್ರಿ ಜೋರು ಮಳೆ ಬಂದಿದ್ದರೆ ಸೊಪ್ಪಿನ ರೇಟು ಏರಿರುತ್ತದೆ, ಗುಣ ಇಳಿದಿರುತ್ತದೆ. ಅಂಥ ದಿನ ಎಲೆಕೋಸು ಅಥವಾ ಬೀನ್ಸ್ ಹಾಕಿ ಬಸ್ಸಾರು ಮಾಡಿ. ಕೋಸು ಬೆಂದ ನೀರಿನ ಸಿಹಿ ಸಾರಿಗೆ ಚೆನ್ನಾಗಿ ಒಗ್ಗುತ್ತದೆ.

ಮೊದಲು ಸುಮ್ನೆ ಒಂದು ಸುತ್ತು

ಒಳಗೆ ಕಾಲಿಟ್ಟ ತಕ್ಷಣ ಮೊದಲ ಗಾಡಿಯಲ್ಲೇ ಕೊಳ್ಳಬೇಡಿ. ಕೈಚೀಲ ಮಡಚಿಟ್ಟುಕೊಂಡು ಕೊನೆವರೆಗೂ ನಡೆದು ಬನ್ನಿ. ಚೀಲ ಬಿಚ್ಚಿದ್ದು ಕಂಡರೆ ನಾಲ್ಕು ಕಡೆಯಿಂದ ಕರೆಯುತ್ತಾರೆ. ಈ ಸುತ್ತಿನಲ್ಲಿ ನೋಡಬೇಕಾದ್ದು ಎರಡೇ. ಅವತ್ತು ಯಾವ ಸೊಪ್ಪು ರಾಶಿ ಬಿದ್ದಿದೆ, ಕಟ್ಟಿನ ಬೆಲೆ ಎಷ್ಟು ನಡೆಯುತ್ತಿದೆ. ಹೆಚ್ಚು ಬಂದಿರುವ ಸೊಪ್ಪು ಸಾಮಾನ್ಯವಾಗಿ ಹೊಸದೂ ಹೌದು, ಅಗ್ಗವೂ ಹೌದು.

ಹತ್ತಾರು ತರಕಾರಿ ಇಟ್ಟಿರುವ ದೊಡ್ಡ ಅಂಗಡಿಗಿಂತ ಸೊಪ್ಪು ಮಾತ್ರ ಮಾರುವವರ ಹತ್ತಿರ ಹೋಗಿ. ಅವರ ಸರಕು ಅವತ್ತೇ ಖಾಲಿಯಾಗಬೇಕು, ನಾಳೆಗೆ ಇಟ್ಟುಕೊಳ್ಳಲು ಆಗುವುದಿಲ್ಲ. ನೆಲದ ಮೇಲೆ ಗೋಣಿಚೀಲ ಹಾಸಿ ಕೂತ ಅಮ್ಮಂದಿರಿಗೆ ಯಾವ ಸೊಪ್ಪು ಯಾವುದಕ್ಕೆ ಅನ್ನುವುದು ನಮಗಿಂತ ಚೆನ್ನಾಗಿ ಗೊತ್ತು. "ಅಮ್ಮ, ಬಸ್ಸಾರಿಗೆ ಇವತ್ತು ಯಾವುದು ಹಾಕಲಿ?" ಅಂತ ಕೇಳಿ ನೋಡಿ. "ದಂಟು ತಗೋ ಮಗಾ, ಸಬ್ಸಿಗೆ ಒಂದು ಸೇರಿಸು" ಅಂತ ತಾವೇ ಆರಿಸಿ ಕೊಡುತ್ತಾರೆ. "ಇದು ತಾಜಾನಾ?" ಅಂತ ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಯಾವ ಮಾರ್ಕೆಟ್ಟಿನಲ್ಲೂ ಒಂದೇ ಉತ್ತರ.

ಸೊಪ್ಪು

ಇಲ್ಲೇ ಜಾಸ್ತಿ ಹೊತ್ತು ಕಳೆಯಿರಿ. ಬಸ್ಸಾರಿನ ಸೊಪ್ಪನ್ನು ನಾನು ಮೂರು ಭಾಗ ಮಾಡಿ ನೋಡುತ್ತೇನೆ. ಮೈ ಕೊಡುವ ಸೊಪ್ಪು, ಘಮ ಕೊಡುವ ಸೊಪ್ಪು, ದೂರ ಇಡಬೇಕಾದ ಸೊಪ್ಪು.

ಮೈ ಕೊಡುವುದು ದಂಟು, ಕೀರೆ, ಹರಿವೆ. ಇವು ಬೆಂದರೆ ನೀರು ಮೆಲ್ಲಗೆ ಸಿಹಿಯಾಗುತ್ತದೆ, ಯಾವ ಮಸಾಲೆಗೂ ಜಗಳ ಆಡುವುದಿಲ್ಲ. ಮೂರು ಕಟ್ಟಿನಲ್ಲಿ ಎರಡು ಇವೇ ಆಗಿರಲಿ. ದಂಟಿನ ಕಾಂಡವನ್ನು ಉಗುರಿನಿಂದ ಒತ್ತಿ ನೋಡಿ. ಉಗುರು ಸಲೀಸಾಗಿ ಇಳಿದರೆ ಎಳೆಯದು. ತುದಿಯಲ್ಲಿ ಹೂಗೊಂಚಲು ಕಂಡರೆ ಬಲಿತಿದೆ. ಅದರ ಕಾಂಡ ಎಷ್ಟು ಬೇಯಿಸಿದರೂ ಬಾಯಲ್ಲಿ ನಾರು ಉಳಿಯುತ್ತದೆ. ಕೀರೆಯನ್ನು ಬೇರು ಸಮೇತ ಕಿತ್ತು ಕಟ್ಟಿರುತ್ತಾರೆ. ಬೇರಿಗೆ ಹಸಿ ಮಣ್ಣು ಅಂಟಿದ್ದರೆ ಕಿತ್ತು ಬಹಳ ಹೊತ್ತಾಗಿಲ್ಲ ಅಂತ ಅರ್ಥ. ಮಣ್ಣು ಒಣಗಿ ಉದುರುತ್ತಿದ್ದರೆ ನಿನ್ನೆಯದು. ಕೆಂಪು ಹರಿವೆ ಹಾಕಿದರೆ ನೀರು ಕೆಂಪಾಗುತ್ತದೆ. ರುಚಿಗೆ ತೊಂದರೆ ಇಲ್ಲ, ಮಕ್ಕಳು ಮಾತ್ರ ತಟ್ಟೆ ನೋಡಿ ಮುಖ ಮಾಡಬಹುದು.

ಘಮ ಕೊಡುವುದರಲ್ಲಿ ಸಬ್ಬಸಿಗೆಗೆ ಸಾಟಿ ಇಲ್ಲ. ಒಂದು ಕಟ್ಟು ಸಾಕು, ಎರಡು ಹಾಕಿದರೆ ಬೇರೆ ಯಾವುದೂ ಕಾಣುವುದಿಲ್ಲ. ಒಂದು ಎಳೆ ಕಿತ್ತು ಬೆರಳಲ್ಲಿ ಉಜ್ಜಿ. ಮೂಗಿನ ತನಕ ತರುವ ಮುಂಚೆಯೇ ವಾಸನೆ ಬರಬೇಕು. ಮೆಂತ್ಯ ಇಷ್ಟವಿದ್ದರೆ ಒಂದು ಹಿಡಿ ಹಾಕಿ. ಅದಕ್ಕಿಂತ ಹೆಚ್ಚಾದರೆ ಕಹಿಯೆಲ್ಲ ನೀರಿಗೆ ಇಳಿಯುತ್ತದೆ, ಆಮೇಲೆ ಬೆಲ್ಲ ಹಾಕಿ ಸರಿಮಾಡಲು ಹೋಗುವುದು ವ್ಯರ್ಥ. ನುಗ್ಗೆ ಸೊಪ್ಪಿನದು ಬೇರೆಯೇ ಒಂದು ದಾರಿ. ಅದನ್ನು ಯಾವುದರ ಜೊತೆಗೂ ಬೆರೆಸದೆ, ಹೆಸರುಕಾಳು ಅಥವಾ ಹುರುಳಿಕಾಳಿನ ಜೊತೆ ಒಂದನ್ನೇ ಹಾಕಿ ಮಾಡಬೇಕು. ಕೊಳ್ಳುವಾಗ ರೆಂಬೆ ಹಿಡಿದು ಒಮ್ಮೆ ಒದರಿ. ಹಳದಿ ಎಲೆ ಪಟಪಟ ಉದುರಿದರೆ ಬಿಟ್ಟುಬಿಡಿ.

ದೂರ ಇಡಬೇಕಾದವು ಬಸಳೆ ಮತ್ತು ಪುಂಡಿ. ಎರಡೂ ಒಳ್ಳೆಯ ಸೊಪ್ಪೇ, ಕೆಲಸ ಬೇರೆ. ಬಸಳೆಯ ನೀರು ಲೋಳೆ. ಕರಾವಳಿಯವರು ಅದಕ್ಕೆ ಕೊಡುವ ಗೌರವವನ್ನು ತಮ್ಮ ಸಾರಾದ ಕೊದ್ದೆಲಿನಲ್ಲಿ ಕೊಡಲಿ. ಪುಂಡಿ ಹುಳಿ. ಹುಳಿ ಇರುವ ನೀರಿನಲ್ಲಿ ಕಾಳು ಬೇಗ ಬೇಯುವುದಿಲ್ಲ. ಹುಣಸೆಯನ್ನು ಕೊನೆಗೆ, ಮಸಾಲೆಯ ಜೊತೆ ಹಾಕುವುದು ಇದೇ ಕಾರಣಕ್ಕೆ. ಪಾಲಕ್ ಹಾಕಬಾರದು ಅನ್ನುವುದಿಲ್ಲ. ಬೆಂದರೆ ಕರಗಿ ಬಸಿಯಲು ಕಷ್ಟ, ಪಲ್ಯ ಮುದ್ದೆಯಾಗುತ್ತದೆ. ಅದು ಸೊಪ್ಪನ್ನು ಮಸೆದು ಮಾಡುವ ಮಸ್ಸೊಪ್ಪಿಗೆ ಸರಿ.

ಬೆರಕೆ ಸೊಪ್ಪು ಕಂಡರೆ ಮಾತ್ರ ಮೇಲಿನ ಲೆಕ್ಕ ಎಲ್ಲ ಬದಿಗಿಡಿ. ಮಳೆಗಾಲದಲ್ಲಿ ಹೊಲದ ಬದುಗಳಲ್ಲಿ ತಾವಾಗೇ ಹುಟ್ಟುವ ಅಣ್ಣೆ, ಗಣಿಕೆ, ಹೊನಗೊನೆ, ಗೋಣಿ, ಹೀಗೆ ನಾಲ್ಕೈದು ಬಗೆ ಕಿತ್ತು ಬೆರೆಸಿ ಮಾರುತ್ತಾರೆ. ಹಳ್ಳಿ ಸಂತೆಗಳಲ್ಲಿ ಸುಲಭ, ಬೆಂಗಳೂರಲ್ಲಿ ಹುಡುಕಬೇಕು. ಒಂದೊಂದು ಎಲೆಯೂ ಒಂದೊಂದು ರುಚಿ ಬಿಟ್ಟು ಆ ನೀರು ಬೇರೆ ಯಾವ ಸೊಪ್ಪಿನಿಂದಲೂ ಬರದ ಸಾರಾಗುತ್ತದೆ. ಒಂದೇ ಎಚ್ಚರಿಕೆ. ಇದನ್ನು ವರ್ಷಗಳಿಂದ ಮಾರುವವರ ಹತ್ತಿರ ಮಾತ್ರ ಕೊಳ್ಳಿ. ಬುಟ್ಟಿಯಲ್ಲಿ ಇರುವ ಒಂದೊಂದು ಸೊಪ್ಪಿನ ಹೆಸರು ಕೇಳಿ. ತಡವರಿಸದೆ ಹೇಳಿದರೆ ನಂಬಬಹುದು.

ಯಾವ ಸೊಪ್ಪಾದರೂ ಕಟ್ಟಿನ ನಡುವೆ ಬೆರಳು ತೂರಿಸಿ ನೋಡಿ. ಒಳಗೆ ಬೆಚ್ಚಗಿದ್ದರೆ, ಅಂಟಿದರೆ ಕೊಳೆಯಲು ಶುರುವಾಗಿದೆ. ಎಲೆಯಲ್ಲಿ ಒಂದೆರಡು ತೂತು ಇದ್ದರೆ ಪರವಾಗಿಲ್ಲ. ಎಲೆಯ ಮೇಲೆ ಅಂಕುಡೊಂಕಾದ ಬಿಳಿ ಗೆರೆ ಇದ್ದರೆ ಅದು ರಂಗೋಲಿ ಹುಳದ ಕೆಲಸ, ಹುಳ ಎಲೆಯ ಪದರದೊಳಗೇ ಇರುತ್ತದೆ, ತೊಳೆದರೆ ಹೋಗುವುದಿಲ್ಲ. ದಂಟು, ಹರಿವೆಯ ಎಲೆ ತಿರುಗಿಸಿ ಹಿಂಭಾಗ ನೋಡಿ. ಬಿಳಿ ಬೊಕ್ಕೆಗಳಿದ್ದರೆ ಅದು ರೋಗ ಬಂದ ಎಲೆ.

ಇನ್ನೊಂದು ವಿಷಯ, ಕಣ್ಣಿಗೆ ಕಾಣದ್ದು. ದೊಡ್ಡ ಊರುಗಳ ಅಂಚಿನಲ್ಲಿ ಕೊಳಚೆ ನೀರು ಹರಿಯುವ ಕಾಲುವೆ ಪಕ್ಕ ಬೆಳೆದ ಸೊಪ್ಪೂ ಮಾರ್ಕೆಟ್ಟಿಗೆ ಬರುತ್ತದೆ. ಅದು ನೋಡಲು ಇನ್ನೂ ದಷ್ಟಪುಷ್ಟ. ಎಲೆ ನೋಡಿ ಹೇಳುವ ಉಪಾಯ ಇಲ್ಲ. ಒಬ್ಬರ ಹತ್ತಿರವೇ ವಾರ ವಾರ ಕೊಂಡು, ಪರಿಚಯ ಆದ ಮೇಲೆ ಯಾವ ಊರ ಸೊಪ್ಪು ಅಂತ ಮಾತಾಡುತ್ತಾ ಕೇಳಿ.

ಕಾಳು: ಕಾಲ ನೋಡಿ

ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಯೋಚನೆಯೇ ಬೇಡ, ಅವರೆಕಾಯಿ. ಚಳಿ ಬಿದ್ದಷ್ಟೂ ಸೊನೆ ಜಾಸ್ತಿ. ಕಾಯಿ ಹಿಡಿದರೆ ಕೈಗೆ ಅಂಟಂಟು ಆಗಬೇಕು, ಆ ಅಂಟಿನ ವಾಸನೆ ಕೈ ತೊಳೆದರೂ ಉಳಿಯಬೇಕು. ಬಸ್ಸಾರಿನ ನೀರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಮಾಗಡಿ ಅವರೆ ಅಂತ ಕೂಗುವವರು ಎಲ್ಲ ಕಡೆ ಇದ್ದಾರೆ. ಮಾಗಡಿಯದಾ ಅಂತ ಕೇಳುವ ಬದಲು ಸೊನೆ ಮೂಸಿ ನೋಡಿ ನಿರ್ಧಾರ ಮಾಡಿ.

ಕಾಯಿಯ ಮೇಲೆ ಸೂಜಿ ಚುಚ್ಚಿದಂಥ ತೂತು ಇದ್ದರೆ ಒಳಗೆ ಹುಳ ಕೂತಿದೆ. ಕಾಯಿ ಒತ್ತಿದರೆ ಕಾಳು ಗಟ್ಟಿಯಾಗಿ ಸಿಗಬೇಕು. ಸಿಪ್ಪೆ ಚಪ್ಪಟೆಯಾಗಿದ್ದರೆ ಸಿಪ್ಪೆಗೇ ದುಡ್ಡು ಕೊಟ್ಟ ಹಾಗೆ. ಸುಲಿದರೆ ಅರ್ಧದಷ್ಟು ತೂಕ ಸಿಪ್ಪೆಗೇ ಹೋಗುತ್ತದೆ, ಆದ್ದರಿಂದ ನಾಲ್ಕು ಜನಕ್ಕೆ ಒಂದು ಕೆ.ಜಿ. ಕಾಯಿ ಬೇಕು. ಸುಲಿದ ಕಾಳು ಅಲ್ಲೇ ಸಿಗುತ್ತದೆ. ಮಾರುವವರು ಕೂತಲ್ಲೇ ಸುಲಿಯುತ್ತಿದ್ದರೆ ಧೈರ್ಯವಾಗಿ ಕೊಳ್ಳಿ. ಮೊದಲೇ ಕವರಿನಲ್ಲಿ ಕಟ್ಟಿಟ್ಟಿದ್ದಾದರೆ ಕವರಿನ ಒಳಗೆ ನೀರು ಬೆವೆತಿದೆಯಾ ನೋಡಿ. ಕಾಳಿನ ಸಿಪ್ಪೆ ಹಿಂಡಿ ತೆಗೆದ ಹಿತಕಿದ ಬೇಳೆ ಬಸ್ಸಾರಿಗೆ ಬೇಡ, ಅದು ತನ್ನದೇ ಸಾರಿಗೆ ಮೀಸಲು.

ಡಿಸೆಂಬರ್, ಜನವರಿಯಲ್ಲಿ ಹಸಿ ತೊಗರಿಕಾಯಿಯೂ ಬರುತ್ತದೆ. ಸುಲಿಯುವುದು ರೇಜಿಗೆಯ ಕೆಲಸ, ಸಾರು ಮಾತ್ರ ಸೊಗಸು. ಸುಲಿದ ಹಸಿರು ಬಟಾಣಿ ಕೊಳ್ಳುವುದಾದರೆ ಬಣ್ಣ ನೋಡಿ ಮರುಳಾಗಬೇಡಿ. ನಾಲ್ಕು ಕಾಳನ್ನು ಗಾಜಿನ ಲೋಟದ ನೀರಿನಲ್ಲಿ ಅರ್ಧ ಗಂಟೆ ಬಿಡಿ. ನೀರು ಹಸಿರಾದರೆ ಬಣ್ಣ ಹಾಕಿದ್ದಾರೆ, ಇನ್ನು ಆ ಕಡೆ ಹೋಗಬೇಡಿ.

ಉಳಿದ ತಿಂಗಳುಗಳಲ್ಲಿ ಅಲಸಂದೆ, ಹೆಸರುಕಾಳು, ಹುರುಳಿಕಾಳು, ಇಲ್ಲವೇ ತೊಗರಿಬೇಳೆ. ಒಣ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ಉಫ್ ಅಂತ ಊದಿ. ಹಿಟ್ಟು ಹಾರಿದರೆ ಹುಳ ಬಿದ್ದಿದೆ. ಹುರುಳಿಯಲ್ಲಿ ಅದೇ ಬಣ್ಣದ ಸಣ್ಣ ಕಲ್ಲು ಬರುತ್ತದೆ, ಮನೆಯಲ್ಲಿ ಆರಿಸಲೇಬೇಕು. ಹಳೆಯ ಕಾಳು ಬೇಯಲು ಗಂಟೆಗಟ್ಟಲೆ ಹಿಡಿಯುತ್ತದೆ. ವ್ಯಾಪಾರ ಚೆನ್ನಾಗಿ ನಡೆಯುವ ಅಂಗಡಿಯಲ್ಲಿ ಮೂಟೆ ಬೇಗ ಖಾಲಿಯಾಗಿ ಹೊಸದು ಬರುತ್ತಿರುತ್ತದೆ, ಅಲ್ಲೇ ತೆಗೆದುಕೊಳ್ಳಿ. ಮೊಳಕೆ ಬಂದ ಕಾಳನ್ನು ಬೀದಿಯಲ್ಲಿ ಕೊಳ್ಳುವುದಕ್ಕಿಂತ ಮನೆಯಲ್ಲಿ ರಾತ್ರಿ ನೆನೆಸಿ, ಬಟ್ಟೆಯಲ್ಲಿ ಒಂದು ದಿನ ಕಟ್ಟಿಡುವುದೇ ವಾಸಿ.

ಮಸಾಲೆ ಸಾಮಾನು

ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಎರಡನ್ನೂ ಸೇರಿಸಿ ಹುರಿಯುವುದು ನನಗೆ ಇಷ್ಟ. ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಅದರಲ್ಲೇ ಎರಡು ಬಗೆ. ಗಿಡ್ಡಕ್ಕೆ ದಪ್ಪಗಿರುವ ಡಬ್ಬಿ, ಉದ್ದಕ್ಕೆ ತೆಳ್ಳಗಿರುವ ಕಡ್ಡಿ. ಡಬ್ಬಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. ಮೈಯೆಲ್ಲ ಸುಕ್ಕು ಇರುವುದು ಬ್ಯಾಡಗಿಯ ಗುರುತು. ನುಣುಪಾದ ಕಾಯಿ ತೋರಿಸಿ ಬ್ಯಾಡಗಿ ಅಂದರೆ ನಗುತ್ತಾ ಮುಂದೆ ಹೋಗಿ. ಕಾಯಿ ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಮೆತ್ತಗಿದ್ದರೆ ತೂಕಕ್ಕೆ ನೀರು ಚಿಮುಕಿಸಿದ್ದಾರೆ, ವಾರದೊಳಗೆ ಒಳಗೆ ಬೂಷ್ಟು ಬರುತ್ತದೆ.

ಬೆಳ್ಳುಳ್ಳಿ ನಾಟಿಯದೇ ಇರಲಿ. ಎಸಳು ಸಣ್ಣದು, ಸುಲಿಯಲು ತಾಳ್ಮೆ ಬೇಕು, ಆದರೆ ಹುರಿದಾಗ ಆ ವಾಸನೆ ದೊಡ್ಡ ಎಸಳಿನದಕ್ಕೆ ಬರುವುದಿಲ್ಲ. ಹುಣಸೆಹಣ್ಣು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಸದು ಬರುತ್ತದೆ. ಬಸ್ಸಾರಿಗೆ ಕಪ್ಪಗಿರುವ ಹಳೆಯದಕ್ಕಿಂತ ಕೆಂಚಗಿರುವ ಹೊಸದೇ ಸರಿ, ಸಾರಿನ ಬಣ್ಣ ಕೆಡುವುದಿಲ್ಲ. ತೆಂಗಿನಕಾಯಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ನೀರಿನ ಸದ್ದು ಬರಬೇಕು, ಕಣ್ಣುಗಳು ಒಣಗಿರಬೇಕು. ಕಣ್ಣು ಒದ್ದೆಯಾಗಿದ್ದರೆ ಒಳಗೆ ಕೆಟ್ಟಿದೆ. ಅನುಮಾನ ಬಂದರೆ "ಅಣ್ಣ, ಇಲ್ಲೇ ಒಡೆದುಕೊಡಿ" ಅನ್ನಿ.

ಈರುಳ್ಳಿ, ಕಾಳುಮೆಣಸು, ಜೀರಿಗೆ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರಿಬೇವು ದುಡ್ಡು ಕೊಟ್ಟು ಕೊಳ್ಳಬೇಡಿ. ಮೂರು ಕಟ್ಟು ಸೊಪ್ಪು ಕೊಂಡವರಿಗೆ ಒಂದು ಕಡ್ಡಿ ಕರಿಬೇವು ಕೊಸರು ಬರಲೇಬೇಕು.

ತೂಕ ಮತ್ತು ಚೌಕಾಸಿ

ಎಲೆಕ್ಟ್ರಾನಿಕ್ ತಕ್ಕಡಿ ಆದರೆ ಸಾಮಾನು ಇಡುವ ಮುಂಚೆ ಸೊನ್ನೆ ತೋರಿಸುತ್ತಿದೆಯಾ ನೋಡಿ. ಬುಟ್ಟಿ ಇಟ್ಟು ತೂಗುತ್ತಿದ್ದರೆ ಖಾಲಿ ಬುಟ್ಟಿ ಇಟ್ಟಾಗಲೂ ಸೊನ್ನೆ ಇರಬೇಕು. ಗುಡ್ಡೆ ಲೆಕ್ಕದಲ್ಲಿ ಕೊಳ್ಳುವಾಗ ಮೇಲಿನ ನಾಲ್ಕು ತೆಗೆದು ಕೆಳಗಿನದನ್ನು ನೋಡಿ. ಗುಡ್ಡೆ ಜೋಡಿಸುವುದೂ ಒಂದು ಕಲೆ.

ಸೊಪ್ಪಿನ ಹತ್ತಿರ ಚೌಕಾಸಿ ಮಾಡಬೇಡಿ. ಒಂದು ಕಟ್ಟಿನಲ್ಲಿ ಅವರಿಗೆ ಉಳಿಯುವುದೇ ಒಂದೆರಡು ರೂಪಾಯಿ. ಬೆಳಗಿನ ಬೋಣಿ ಹೊತ್ತಿಗಂತೂ ಸುಮ್ಮನೆ ಕೊಟ್ಟುಬಿಡಿ. ಚೌಕಾಸಿ ಮಾಡುವುದಿದ್ದರೆ ತೆಂಗಿನಕಾಯಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹತ್ತಿರ ಮಾಡಿ. ಅಲ್ಲಿ ಅಂಗಡಿಯಿಂದ ಅಂಗಡಿಗೆ ನಿಜವಾಗಿಯೂ ವ್ಯತ್ಯಾಸ ಇರುತ್ತದೆ.

ಚೀಲಕ್ಕೆ ಹಾಕುವಾಗ ತೆಂಗಿನಕಾಯಿ, ಕಾಳು ಕೆಳಗೆ. ಸೊಪ್ಪನ್ನು ಕೊನೆಗೆ ಕೊಂಡು, ಅದರ ಚೀಲವನ್ನು ಬೇರೆಯೇ ಹಿಡಿಯಿರಿ. ಮೊದಲೇ ನೋಡಿಟ್ಟು, ದುಡ್ಡು ಕೊಟ್ಟು, "ಅಕ್ಕ, ಇದನ್ನ ಪಕ್ಕಕ್ಕೆ ಇಟ್ಟಿರಿ" ಅಂದರೆ ಇಟ್ಟಿರುತ್ತಾರೆ.

ಮನೆಗೆ ಬಂದ ಮೇಲೆ

ಮೊದಲು ಕಟ್ಟು ಬಿಚ್ಚಿ. ದಾರ ಕಟ್ಟಿದ ಜಾಗದಲ್ಲೇ ಕೊಳೆ ಶುರುವಾಗುವುದು. ಅವತ್ತೇ ಮಾಡುವುದಿಲ್ಲ ಅಂದರೆ ತೊಳೆಯಬೇಡಿ, ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನಲ್ಲಿಡಿ. ಮಾಡುವ ದಿನ ಅಗಲವಾದ ಪಾತ್ರೆಗೆ ನೀರು ತುಂಬಿ ಸೊಪ್ಪು ಮುಳುಗಿಸಿ, ಸ್ವಲ್ಪ ಹೊತ್ತು ಬಿಟ್ಟು, ಸೊಪ್ಪನ್ನು ಕೈಯಲ್ಲಿ ಮೇಲೆತ್ತಿ. ನೀರು ಬಗ್ಗಿಸಬೇಡಿ. ಬಗ್ಗಿಸಿದರೆ ತಳದಲ್ಲಿ ಕೂತ ಮಣ್ಣು ಮತ್ತೆ ಸೊಪ್ಪಿನ ಮೇಲೇ ಬೀಳುತ್ತದೆ. ತಳದಲ್ಲಿ ಮಣ್ಣು ಕಾಣದಾಗುವ ತನಕ ನೀರು ಬದಲಿಸಿ. ಬಸ್ಸಾರಿನಲ್ಲಿ ಇದು ಬೇರೆ ಅಡುಗೆಗಿಂತ ಮುಖ್ಯ, ಏಕೆಂದರೆ ಉಳಿದ ಮರಳೆಲ್ಲ ಬರುವುದು ಬಸಿದ ನೀರಿಗೇ. ಹೆಚ್ಚುವುದು ತೊಳೆದ ಮೇಲೆ. ಮೊದಲೇ ಹೆಚ್ಚಿದರೆ ರುಚಿಯೂ ಸತ್ವವೂ ಬಚ್ಚಲಿಗೆ ಹೋಗುತ್ತದೆ.

ಕಾಳು ಮುಕ್ಕಾಲು ಬೆಂದ ಮೇಲೆ ಸೊಪ್ಪು ಹಾಕಿ, ಉಪ್ಪು ಹಾಕಿ. ಬೇಳೆಯಾದರೆ ಕರಗಲು ಬಿಡಬೇಡಿ. ನೀರು ಸ್ವಲ್ಪ ಹೆಚ್ಚೇ ಇಡಿ. ಬಸಿದ ಮೇಲೆ ಒಂದು ಲೋಟ ಪಕ್ಕಕ್ಕೆ ತೆಗೆದು, ಕಾಳುಮೆಣಸು ಕುಟ್ಟಿ ಹಾಕಿ, ನಾಲ್ಕು ಹನಿ ನಿಂಬೆರಸ ಹಿಂಡಿದರೆ ಸಾರು ಆಗುವ ಮುಂಚೆಯೇ ಕುಡಿಯಲು ಒಳ್ಳೆಯ ಸೂಪು. ಮಸಾಲೆ ರುಬ್ಬುವಾಗ ಬೆಂದ ಸೊಪ್ಪು ಕಾಳಿನಲ್ಲಿ ಒಂದು ಸೌಟು ಅದಕ್ಕೇ ಸೇರಿಸಿ, ಇಲ್ಲದಿದ್ದರೆ ಸಾರು ತೆಳ್ಳಗಾಗಿ ಮುದ್ದೆಗೆ ಹತ್ತುವುದಿಲ್ಲ.